ಬಳಲಿದ ಹೃದಯಕ್ಕೊಂದು ಊರುಗೋಲು: ಡೊಬುಟಮಿನ್

ಮುಷ್ಟಿಗಾತ್ರದ ಹೃದಯವು ನಿಮಿಷವೊಂದಕ್ಕೆ ಸುಮಾರು 5 ಲೀಟರು ರಕ್ತವನ್ನು ಮೈಯೆಲ್ಲಕ್ಕೂ ಒತ್ತಿ ಕಳುಹಿಸುತ್ತದೆ. ಹೃದಯಾಘಾತದಲ್ಲಿ ಅದರ ಸ್ನಾಯುವಿನ ದೊಡ್ಡ ಭಾಗವು ಘಾಸಿಗೊಂಡರೆ, ಇಲ್ಲವೆ ಬಹುಕಾಲದ ಬೇನೆಯಿಂದ ಅದು ತೀರ ದುರ್ಬಲವಾದರೆ, ಈ ಒತ್ತುಶಕ್ತಿ ಕುಂದುತ್ತದೆ. ರಕ್ತದೊತ್ತಡ ಇಳಿದು, ಕೈಕಾಲುಗಳು ತಣ್ಣಗಾಗಿ ಬೆವರುತ್ತವೆ, ಮೂತ್ರ ಕಡಿಮೆಯಾಗುತ್ತದೆ, ರೋಗಿಗೆ ಮಂಕು ಕವಿಯುತ್ತದೆ. ವೈದ್ಯರು ಇದನ್ನು 'ಶಾಕ್' ಎನ್ನುತ್ತಾರೆ. ವಿದ್ಯುತ್ತಿನ ಹೊಡೆತಕ್ಕಾಗಲಿ ಮನಸ್ಸಿನ ಆಘಾತಕ್ಕಾಗಲಿ ಇದು ಸಂಬಂಧಿಸಿದ್ದಲ್ಲ. ಅಂಗಾಂಗಗಳಿಗೆ ರಕ್ತ ಸಾಲದೆ ಹೋಗುವ ಪ್ರಾಣಾಂತಿಕ ಸ್ಥಿತಿಯಿದು.

ಇಂತಹ ಗಳಿಗೆಯಲ್ಲಿ ಬಳಸುವ ಔಷಧಗಳಲ್ಲಿ ಡೊಬುಟಮಿನ್ ಮುಖ್ಯವಾದುದು. ಅದಕ್ಕೆ ಮೊದಲಿದ್ದ ಐಸೊಪ್ರೊಟೆರಿನಾಲ್ ಹೃದಯದ ಬಲವನ್ನು ಹೆಚ್ಚಿಸುತ್ತಿತ್ತಾದರೂ ಬಡಿತದ ವೇಗವನ್ನೂ ಮಿತಿಮೀರಿ ಏರಿಸುತ್ತಿತ್ತು. ಅಮೆರಿಕೆಯ ಎಲೈ ಲಿಲ್ಲಿ ಸಂಸ್ಥೆಯ ವಿಜ್ಞಾನಿಗಳಾದ ಟಟಲ್ ಮತ್ತು ಮಿಲ್ಸ್ ಅದರ ಅಣುರಚನೆಯನ್ನೇ ಹಂತಹಂತವಾಗಿ ಮಾರ್ಪಡಿಸಿ, ವೇಗಕ್ಕಿಂತ ಬಲವನ್ನೇ ಹೆಚ್ಚಿಸುವ ಈ ವಸ್ತುವನ್ನು ರೂಪಿಸಿ, 1975ರಲ್ಲಿ ಅದರ ವಿವರ ಪ್ರಕಟಿಸಿದರು. 1978ರಲ್ಲಿ ಅಮೆರಿಕೆಯಲ್ಲಿ ಅದಕ್ಕೆ ಮಾನ್ಯತೆ ದೊರೆಯಿತು.

ರಕ್ತಕ್ಕೆ ಸೇರಿದ ಡೊಬುಟಮಿನ್‌ನ ಅರ್ಧಭಾಗ ಸುಮಾರು ಎರಡೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಆದುದರಿಂದ ಒಂದು ಸಲ ಚುಚ್ಚಿ ಮುಗಿಸುವ ಮದ್ದು ಇದಲ್ಲ. ಯಂತ್ರದ ಪಂಪಿನ ಮೂಲಕ ಎಡೆಬಿಡದೆ ರಕ್ತನಾಳಕ್ಕೆ ಹರಿಸಬೇಕು. ರೋಗಿಯ ತೂಕದ ಪ್ರತಿ ಕಿಲೋಗ್ರಾಮಿಗೆ ನಿಮಿಷಕ್ಕೆ ಸಾಮಾನ್ಯವಾಗಿ 2ರಿಂದ 20 ಮೈಕ್ರೋಗ್ರಾಮ್. ಮೈಕ್ರೋಗ್ರಾಮೆಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಪಂಪು ಕೂಗಿಕೊಂಡರೆ ಬಂಧುಗಳು ಕೊಳವೆಯನ್ನು ಮುಟ್ಟದೆ ದಾದಿಯನ್ನು ಕರೆಯಬೇಕೆಂಬುದು ಇದಕ್ಕಾಗಿಯೇ.

ಆದರೆ ಬಳಲಿದ ಎತ್ತಿಗೆ ಬಾರುಕೋಲು ಬೀಸಿದರೆ ಗಾಡಿ ಮುಂದೆ ಸಾಗೀತು, ಎತ್ತಿನ ದಣಿವು ಹೋಗದು. ಬಲವಾಗಿ ಮಿಡಿಯುವ ಹೃದಯಕ್ಕೆ ಹೆಚ್ಚು ಆಮ್ಲಜನಕವೂ ಬೇಕು. ಪ್ರಮಾಣ ಏರಿದಂತೆ ಬಡಿತದ ಲಯ ತಪ್ಪುವ ಭಯವುಂಟು. ಒತ್ತಡ ತೀರ ಕುಸಿದಿದ್ದರೆ ಜೊತೆಗೆ ನಾರ್‌ಅಡ್ರಿನಲಿನ್ ಬೇಕಾಗುತ್ತದೆ. ಮಿಲ್‌ರಿನೋನ್ ಎಂಬ ಇನ್ನೊಂದು ಮದ್ದಿನೊಡನೆ ಇದನ್ನು 192 ರೋಗಿಗಳಲ್ಲಿ ಹೋಲಿಸಿದ ಕೆನಡಾದ ಅಧ್ಯಯನ 2021ರಲ್ಲಿ ಪ್ರಕಟವಾಯಿತು; ಎರಡರ ಫಲದಲ್ಲಿ ಗಮನಾರ್ಹ ಅಂತರವೇನೂ ಕಾಣಲಿಲ್ಲ.

ಹಾಗಾದರೆ ಇದರ ಪ್ರಯೋಜನವೇನು? ಸಮಯ. ಹೃದಯಾಘಾತದ ಶಾಕ್‌ನಲ್ಲಿದ್ದ 302 ರೋಗಿಗಳ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಮುಚ್ಚಿದ ರಕ್ತನಾಳವನ್ನು ಬೇಗನೆ ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸಿನಿಂದ ಸರಿಪಡಿಸಿದವರಲ್ಲಿ ಆರು ತಿಂಗಳೊಳಗೆ ನೂರಕ್ಕೆ 50 ಮಂದಿ ತೀರಿಕೊಂಡರು. ಮೊದಲು ಔಷಧಗಳಿಂದಲೇ ಸ್ಥಿರಗೊಳಿಸಲು ಯತ್ನಿಸಿದವರಲ್ಲಿ 63 ಮಂದಿ. ಊರುಗೋಲು ಹಿಡಿದು ನಿಂತಿರುವಾಗಲೇ ಮೂಲರೋಗಕ್ಕೆ ಕೈಹಾಕಬೇಕೆಂಬುದು ಇದರ ತಾತ್ಪರ್ಯ.

ಮನೆಯವರು ತಿಳಿದಿರಬೇಕಾದುದೂ ಇದೇ. ಡ್ರಿಪ್ ಏರಿಸಿದ ಮೇಲೆ ರೋಗಿ ಕಣ್ಣು ತೆರೆದು ಮಾತನಾಡಿದರೆ, "ಈಗ ಬಿ.ಪಿ. ಸರಿಹೋಯಿತಲ್ಲ, ದೊಡ್ಡ ಆಸ್ಪತ್ರೆ ಏಕೆ?" ಎನ್ನಬಾರದು. ಆ ಚೇತರಿಕೆ ಔಷಧ ಹರಿಯುವಷ್ಟು ಹೊತ್ತಿನ ಸಾಲ. ಮಂಜೇಶ್ವರದಿಂದ ಮಂಗಳೂರಿಗಾಗಲಿ, ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕಾಗಲಿ ಸಾಗಿಸುವಾಗ ಪಂಪು ನಿಲ್ಲದಂತೆ, ಅದನ್ನು ಬಲ್ಲವರು ಆಂಬುಲೆನ್ಸಿನಲ್ಲಿರುವಂತೆ ನೋಡಿಕೊಳ್ಳಿರಿ. ಹಳೆಯ ಚೀಟಿಗಳನ್ನೂ ನುಂಗುತ್ತಿದ್ದ ಗುಳಿಗೆಗಳನ್ನೂ ಜೊತೆಗೊಯ್ಯಿರಿ. ಎದೆನೋವು, ತಣ್ಣನೆಯ ಬೆವರು, ಏದುಸಿರು ಒಟ್ಟಿಗೆ ಕಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿರಿ. ಎಂತಹ ಮದ್ದೂ ಆಸ್ಪತ್ರೆ ಮುಟ್ಟಿದವರಿಗೆ ಮಾತ್ರ ಒದಗಬಲ್ಲದು.