ತಿರುಗುವ ಪಂಖಾ, ಆಡದ ಗಾಳಿ

ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳ ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಅಡುಗೆಮನೆಯ ಮೇಲ್ಭಾಗದಲ್ಲಿ ಬಿಡುತ್ತಿದ್ದ ಬೆಳಕಿಂಡಿ ಬೆಳಕಿನ ಜೊತೆಗೆ ಗಾಳಿಯ ಕೆಲಸವನ್ನೂ ಮಾಡುತ್ತಿತ್ತು. ಒಲೆಯ ಕಾವಿಗೆ ಹಗುರವಾದ ಗಾಳಿ ಹೊಗೆಯನ್ನು ಹೊತ್ತುಕೊಂಡು ಆ ಕಿಂಡಿಯಿಂದ ಹೊರಬೀಳುತ್ತಿತ್ತು, ಅದು ತೆರವು ಮಾಡಿದ ಜಾಗಕ್ಕೆ ತಲೆಬಾಗಿಲಿನಿಂದ ಹೊಸ ಗಾಳಿ ಬಂದು ಸೇರುತ್ತಿತ್ತು. ಒಳಬರುವ ದಾರಿ, ಹೊರಹೋಗುವ ದಾರಿ ಮತ್ತು ನಡುವೆ ನಡೆಸುವ ಒಂದು ಬಲ, ಈ ಮೂರೂ ಕೂಡಿದಾಗ ಮಾತ್ರ ಗಾಳಿ ಆಡುತ್ತದೆ ಎಂಬ ಈ ತತ್ತ್ವವೇ ಇಂದಿನ ಆಸ್ಪತ್ರೆಗಳ ವಾಯುಸಂಚಾರ ವ್ಯವಸ್ಥೆಗೂ ತಳಹದಿಯಾಗಿದೆ. ಆದರೆ ಮನೆಯ ಕಿಂಡಿ ಕಟ್ಟಿಕೊಂಡರೆ ಕಣ್ಣುರಿಯೇ ಅದನ್ನು ತಿಳಿಸುತ್ತದೆ. ಆಸ್ಪತ್ರೆಯ ಗಾಳಿ ಕಟ್ಟಿಕೊಂಡರೆ ತಿಳಿಸುವ ಹೊಗೆಯಿಲ್ಲ, ವಾಸನೆಯಿಲ್ಲ, ಯಂತ್ರ ಎಂದಿನಂತೆ ಸದ್ದು ಮಾಡುತ್ತಲೇ ಇರುತ್ತದೆ. ಆದ್ದರಿಂದ ಈ ಯಂತ್ರಗಳ ವಿಷಯದಲ್ಲಿ ಕೆಟ್ಟ ಮೇಲೆ ರಿಪೇರಿ ಎಂಬ ರೂಢಿ ಸಾಲದು, ಕೆಟ್ಟಿದೆಯೇ ಎಂದು ಅಳೆದು ನೋಡುವ ಪಾಲನೆ ಬೇಕು.

ರೋಗಿ ಕೆಮ್ಮಿದಾಗ, ಸೀನಿದಾಗ, ಬರೀ ಮಾತನಾಡಿದಾಗಲೂ ಬಾಯಿ ಮೂಗುಗಳಿಂದ ಹನಿಗಳು ಹೊರಡುತ್ತವೆ. ಅವು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಸುಗ್ಗಿಯಲ್ಲಿ ಕಣದ ಮೇಲೆ ಜೋಳದ ರಾಶಿ ತೂರುವುದನ್ನು ಕಂಡವರು ಸುಲಭವಾಗಿ ಊಹಿಸಬಲ್ಲರು: ತೂಕದ ಕಾಳು ತೂರಿದವರ ಕಾಲಬುಡದಲ್ಲೇ ಬೀಳುತ್ತದೆ, ಹಗುರವಾದ ಹೊಟ್ಟು ಗಾಳಿ ಒಯ್ದಲ್ಲಿಗೆ ಹೋಗುತ್ತದೆ. ದಪ್ಪ ಹನಿಗಳು ಕಾಳಿನಂತೆ ಒಂದೆರಡು ಮೀಟರಿನೊಳಗೆ ನೆಲ ಸೇರಿದರೆ, ಸಣ್ಣ ಹನಿಗಳು ಬೀಳುವ ಮುನ್ನವೇ ನೀರಿನಂಶ ಆರಿ, ರೋಗಾಣುಗಳನ್ನು ಹೊತ್ತ ಒಣ ಕಣಗಳಾಗಿ ತಾಸುಗಟ್ಟಲೆ ತೇಲುತ್ತವೆ. ಅಮೆರಿಕದ ವಿಲಿಯಂ ವೆಲ್ಸ್ 1930ರ ದಶಕದಲ್ಲಿ ಈ ಕಣಗಳ ಸ್ವಭಾವವನ್ನು ವಿವರಿಸಿದರು. ಅವರ ಶಿಷ್ಯ ರಿಚರ್ಡ್ ರೈಲಿ ಮತ್ತು ಸಂಗಡಿಗರು 1950ರ ದಶಕದ ಕೊನೆಯಲ್ಲಿ ಬಾಲ್ಟಿಮೋರ್‌ನ ಆಸ್ಪತ್ರೆಯೊಂದರಲ್ಲಿ ಕ್ಷಯರೋಗಿಗಳ ಆರು ಹಾಸಿಗೆಯ ವಾರ್ಡಿನ ಗಾಳಿಯನ್ನು ಕೊಳವೆಗಳ ಮೂಲಕ ಗಿನಿಪಿಗ್‌ಗಳ ಕೊಠಡಿಗೆ ಹಾಯಿಸಿದರು. ರೋಗಿಗಳ ಹತ್ತಿರಕ್ಕೂ ಸುಳಿಯದ ಆ ಪ್ರಾಣಿಗಳಿಗೆ ಕ್ಷಯ ಅಂಟಿತು; ಅದೇ ಗಾಳಿಯನ್ನು ಅತಿನೇರಳೆ ಕಿರಣಗಳಿಗೆ ಒಡ್ಡಿ ಕಳಿಸಿದ ಇನ್ನೊಂದು ಗುಂಪಿಗೆ ಅಂಟಲಿಲ್ಲ. ಗಾಳಿಯ ಕೊಳವೆ ರೋಗವನ್ನು ಹೊರಹಾಕಬಲ್ಲಂತೆಯೇ ಇನ್ನೊಂದು ಕೋಣೆಗೆ ಸಾಗಿಸಲೂ ಬಲ್ಲದು ಎಂಬ ಎಚ್ಚರಿಕೆ ಈ ಪ್ರಯೋಗದಲ್ಲಿತ್ತು.

ಸ್ವಾತಂತ್ರ್ಯಕ್ಕೂ ಮೊದಲೇ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯ ಧಾಮ ತಲೆಯೆತ್ತಿದ ಕಾಲಕ್ಕೆ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಇನ್ನೂ ಬಂದಿರಲಿಲ್ಲ. ಶುದ್ಧ ಗಾಳಿ, ಬೆಳಕು, ಪೌಷ್ಟಿಕ ಆಹಾರಗಳೇ ಲೋಕದಾದ್ಯಂತ ವೈದ್ಯರು ನೆಚ್ಚಿದ ಸಾಧನಗಳಾಗಿದ್ದವು. ಅಂಥ ಗಾಳಿ ಬೆಳಕಿಗೆ ಅನುವಾದ ಎದುರುಬದುರು ಕಿಟಕಿಗಳ ಎತ್ತರದ ವಾರ್ಡು ಇಂದಿಗೂ ಹಳತಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಕಿಟಕಿಗಳಿಂದಲೇ ಗಾಳಿ ಪಡೆಯುವ ಸಾಮಾನ್ಯ ವಾರ್ಡಿನಲ್ಲಿ ಪ್ರತಿ ರೋಗಿಗೆ ಸೆಕೆಂಡಿಗೆ 60 ಲೀಟರ್, ಗಾಳಿಯಿಂದ ಹರಡುವ ರೋಗದ ಕೊಠಡಿಯಲ್ಲಿ 160 ಲೀಟರ್ ಗಾಳಿ ಸಿಗಬೇಕೆಂದು ಹೇಳಿತು. ಇಂಥ ವಾರ್ಡಿಗೂ ಪಾಲನೆ ಉಂಟು: ಬಣ್ಣ ಬಳಿದು ಅಂಟಿಹೋದ ಕಿಟಕಿ, ಧೂಳು ಮೆತ್ತಿ ಬಟ್ಟೆಯಂತಾದ ಸೊಳ್ಳೆಜಾಲರಿ, ಗಾಳಿಗಿಂಡಿಗೆ ಅಡ್ಡವಿಟ್ಟ ಬೀರು ಇವೆಲ್ಲ ಗಾಳಿಯನ್ನು ಸದ್ದಿಲ್ಲದೆ ಕಸಿಯುತ್ತವೆ. ಛತ್ತಿನ ಪಂಖಾ ಒಳಗಿನ ಗಾಳಿಯನ್ನು ಕಲಕುತ್ತದೆಯೇ ಹೊರತು ಬದಲಿಸುವುದಿಲ್ಲ, ಗೋಡೆಯ ಸ್ಪ್ಲಿಟ್ ಎ.ಸಿ. ಸಹ ಅದೇ ಗಾಳಿಯನ್ನು ತಂಪು ಮಾಡಿ ಹಿಂದಿರುಗಿಸುತ್ತದೆ. ಆದ್ದರಿಂದ ತಂಪಿಗಾಗಿ ಕಿಟಕಿ ಮುಚ್ಚಿದ ಕೋಣೆ ಹಿತವೆನಿಸಿದರೂ ಸುರಕ್ಷಿತವೆನಿಸಿಕೊಳ್ಳುವುದಿಲ್ಲ.

ಯಂತ್ರದಿಂದ ಗಾಳಿ ಹಾಯಿಸುವ ಕೊಠಡಿಗಳಲ್ಲಿ ಲೆಕ್ಕ ಹಿಡಿಯುವುದು ‘ತಾಸಿಗೆ ಎಷ್ಟು ಗಾಳಿಬದಲು’ ಎಂಬ ಅಳತೆಯಿಂದ. ಕೋಣೆಯ ಘನಗಾತ್ರದಷ್ಟು ಗಾಳಿ ಒಂದು ಸಲ ಒಳಬಂದರೆ ಅದು ಒಂದು ಬದಲು. 36 ಘನಮೀಟರಿನ ಕೋಣೆಗೆ ತಾಸಿಗೆ 12 ಬದಲು ಬೇಕಾದರೆ 432 ಘನಮೀಟರ್ ಗಾಳಿ ಹರಿಯಬೇಕು. ಒಂದು ಬದಲಿಗೆ ಹಳೆಯ ಗಾಳಿಯೆಲ್ಲ ಹೋಗಿಬಿಡುತ್ತದೆ ಎಂದು ತಿಳಿಯಬಾರದು. ಗಡಿಗೆಯ ಮಜ್ಜಿಗೆಗೆ ಒಂದು ಕಡೆ ನೀರು ಸುರಿಯುತ್ತ ಇನ್ನೊಂದು ಕಡೆ ತುಳುಕಿಸಿದರೆ ಅದು ಮೆಲ್ಲಮೆಲ್ಲನೆ ತೆಳುವಾಗುವಂತೆ ಕಣಗಳೂ ಕ್ರಮವಾಗಿ ವಿರಳವಾಗುತ್ತವೆ. ಗಾಳಿ ಚೆನ್ನಾಗಿ ಬೆರೆಯುವ ಕೋಣೆಯಲ್ಲಿ ತಾಸಿಗೆ 12 ಬದಲು ಇದ್ದರೆ ತೇಲುವ ಕಣಗಳಲ್ಲಿ ಶೇಕಡಾ 99ರಷ್ಟು ಹೋಗಲು 23 ನಿಮಿಷ, 6 ಇದ್ದರೆ 46 ನಿಮಿಷ, 2 ಇದ್ದರೆ 138 ನಿಮಿಷ ಬೇಕಾಗುತ್ತದೆ. ಯಂತ್ರ ಹಾಯಿಸುವ ಗಾಳಿ ಅರ್ಧಕ್ಕಿಳಿದರೆ ಮುಂದಿನ ರೋಗಿ, ದಾದಿ, ಕಸ ಗುಡಿಸುವವರು ಎಲ್ಲರೂ ಅಪಾಯದ ಗಾಳಿಯಲ್ಲಿ ಇಮ್ಮಡಿ ಹೊತ್ತು ನಿಲ್ಲಬೇಕಾಗುತ್ತದೆ ಎಂಬುದು ಈ ಅಂಕಿಗಳ ಅರ್ಥ.

ಗಾಳಿಯ ಪ್ರಮಾಣದಷ್ಟೇ ಅದರ ದಿಕ್ಕೂ ಮುಖ್ಯ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ತೆರೆದ ಗಾಯಕ್ಕೆ ಹೊರಗಿನ ಧೂಳು ತಾಗಬಾರದಾದ್ದರಿಂದ ಅಲ್ಲಿ ಗಾಳಿಯನ್ನು ಹೆಚ್ಚು ತುಂಬಿ, ಬಾಗಿಲ ಸಂದಿಯಿಂದ ಅದು ಸದಾ ಹೊರಕ್ಕೆ ಒಸರುವಂತೆ ಮಾಡುತ್ತಾರೆ. ಕ್ಷಯದಂಥ ರೋಗಿಯ ಪ್ರತ್ಯೇಕ ಕೊಠಡಿಯಲ್ಲಿ ಇದಕ್ಕೆ ವಿರುದ್ಧವಾಗಿ, ಬಿಟ್ಟದ್ದಕ್ಕಿಂತ ಹೆಚ್ಚು ಗಾಳಿಯನ್ನು ಸೆಳೆದು, ಹೊರಗಿನ ಗಾಳಿಯೇ ಒಳಕ್ಕೆ ನುಗ್ಗುವಂತೆ ಮಾಡುತ್ತಾರೆ. ಈ ಒತ್ತಡದ ವ್ಯತ್ಯಾಸ ಕನಿಷ್ಠ 2.5 ಪಾಸ್ಕಲ್ ಇರಬೇಕೆಂಬುದು ರೂಢಿಯ ನಿಯಮ, ಅಂದರೆ ನೀರಿನ ಮಟ್ಟವನ್ನು ಕಾಲು ಮಿಲಿಮೀಟರ್ ಎತ್ತಬಲ್ಲಷ್ಟು ಬಲ. ಇಷ್ಟು ನಾಜೂಕಿನ ತಡೆಗೋಡೆಯನ್ನು ತೆರೆದಿಟ್ಟ ಬಾಗಿಲು ಒಂದೇ ಗಳಿಗೆಯಲ್ಲಿ ಅಳಿಸಿಹಾಕುತ್ತದೆ.

ಈ ಗಾಳಿಯನ್ನು ಸಿದ್ಧಪಡಿಸುವ ದೊಡ್ಡ ತಗಡಿನ ಪೆಟ್ಟಿಗೆಗೆ ಏರ್ ಹ್ಯಾಂಡ್ಲಿಂಗ್ ಯೂನಿಟ್ ಎನ್ನುತ್ತಾರೆ. ಹೊರಗಿನ ಗಾಳಿ ಇದರೊಳಗೆ ಮೊದಲು ಒರಟು ಫಿಲ್ಟರನ್ನು, ಆಮೇಲೆ ನಯವಾದ ಫಿಲ್ಟರನ್ನು ದಾಟಿ, ತಣ್ಣನೆಯ ಕೊಳವೆಸುರುಳಿಯಲ್ಲಿ ಕಾವನ್ನೂ ತೇವವನ್ನೂ ಕಳೆದುಕೊಂಡು, ಬ್ಲೋವರಿನ ನೂಕಿಗೆ ಡಕ್ಟ್ ಎಂಬ ತಗಡಿನ ನಾಳದಲ್ಲಿ ಸಾಗಿ, ಶಸ್ತ್ರಚಿಕಿತ್ಸಾ ಕೊಠಡಿಯ ಛತ್ತಿನಲ್ಲಿರುವ ಹೆಪಾ ಫಿಲ್ಟರಿನಿಂದ ಕೆಳಗಿಳಿಯುತ್ತದೆ. ಹೆಪಾ ಎಂಬುದು 0.3 ಮೈಕ್ರಾನ್ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಹಿಡಿಯುವ ಗಾಜಿನ ಎಳೆಗಳ ಹೊದಿಕೆ. ದಪ್ಪ ಕಣಗಳು ನೇರ ಹೋಗಿ ಎಳೆಗೆ ಬಡಿಯುತ್ತವೆ, ಅತಿ ಸಣ್ಣವು ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ಅಲೆದು ಅಂಟಿಕೊಳ್ಳುತ್ತವೆ. ನಡುವಿನ ಆ 0.3ರ ಆಸುಪಾಸಿನ ಕಣಗಳೇ ಹಿಡಿಯಲು ಕಷ್ಟವಾದ್ದರಿಂದ ಫಿಲ್ಟರಿನ ಪರೀಕ್ಷೆಗೆ ಅವನ್ನೇ ಒಡ್ಡುತ್ತಾರೆ.

ಪಾಲನೆಯ ಮೊದಲ ಪಾಠ ಫಿಲ್ಟರಿನದು. ಧೂಳು ಕಟ್ಟಿದ ಫಿಲ್ಟರ್ ಕಣಗಳನ್ನು ಹಿಡಿಯುವುದರಲ್ಲಿ ಸೋಲುವುದಿಲ್ಲ, ಗಾಳಿಯನ್ನು ಬಿಡುವುದರಲ್ಲಿ ಸೋಲುತ್ತದೆ. ಬ್ಲೋವರ್ ತಿರುಗುತ್ತಲೇ ಇದ್ದರೂ ಗಾಳಿಬದಲು ಇಳಿಯುತ್ತದೆ, ಕೊಠಡಿಯ ಒತ್ತಡ ಕುಸಿಯುತ್ತದೆ. ಇದನ್ನು ತಿಳಿಯಲು ಫಿಲ್ಟರಿನ ಹಿಂದು ಮುಂದಿನ ಒತ್ತಡದ ಅಂತರ ತೋರಿಸುವ ಮ್ಯಾನೋಮೀಟರ್ ಇರುತ್ತದೆ, ಅದರ ಮುಳ್ಳು ತಯಾರಕರು ಹೇಳಿದ ಗೆರೆ ಮುಟ್ಟಿದಾಗ ಒರಟು ಫಿಲ್ಟರನ್ನು ತೊಳೆದು ಪೂರ್ತಿ ಒಣಗಿಸಬೇಕು ಅಥವಾ ಬದಲಿಸಬೇಕು; ಹೆಪಾ ಫಿಲ್ಟರನ್ನು ಮಾತ್ರ ಎಂದೂ ತೊಳೆಯಕೂಡದು. ಹುಕ್ಕೇರಿ ಸೀಮೆಯಲ್ಲಿ ತಿಂಗಳ ತಾರೀಖನ್ನು ನೆಚ್ಚುವುದಕ್ಕಿಂತ ಈ ಮುಳ್ಳನ್ನು ನೆಚ್ಚುವುದು ಲೇಸು, ಏಕೆಂದರೆ ಕಬ್ಬು ನುರಿಯುವ ಹಂಗಾಮಿನಲ್ಲಿ ಹೊಲಗಳಲ್ಲಿ ಸುಡುವ ರವದಿಯ ಕರಿಬೂದಿ, ಕಬ್ಬಿನ ಗಾಡಿಗಳೆಬ್ಬಿಸುವ ಧೂಳು ಎರಡೂ ಕೂಡಿ ಮಳೆಗಾಲದಲ್ಲಿ ಬಹುದಿನ ಬಾಳುವ ಫಿಲ್ಟರನ್ನು ಕೆಲವೇ ವಾರಗಳಲ್ಲಿ ಕಟ್ಟಿಸಿಬಿಡಬಲ್ಲವು.

ಎರಡನೆಯ ಪಾಠ ಮೋಟರಿನದು. ಹುಕ್ಕೇರಿ ತಾಲ್ಲೂಕಿಗೆ ವಿದ್ಯುತ್ ಹಂಚುತ್ತಿರುವುದು 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಅಂದಿನಿಂದ ಮೂರು ಫೇಸಿನ ಪಂಪ್‌ಸೆಟ್ಟುಗಳೊಡನೆ ಬಾಳಿದ ಇಲ್ಲಿನ ರೈತರಿಗೆ, ಎರಡು ಫೇಸುಗಳ ತಂತಿ ಅದಲುಬದಲಾದರೆ ಮೋಟರು ಉಲ್ಟಾ ತಿರುಗಿ, ಸದ್ದು ಜೋರಾಗಿದ್ದರೂ ನೀರು ಸಣ್ಣಗೆ ಬರುತ್ತದೆಂಬುದು ಅನುಭವದ ಮಾತು. ಆಸ್ಪತ್ರೆಯ ಬ್ಲೋವರಿನದೂ ಇದೇ ಗುಣ: ಅದು ಉಲ್ಟಾ ತಿರುಗಿದಾಗಲೂ ಗಾಳಿ ಬರುವುದು ಅದೇ ಬಾಯಿಂದ, ಆದರೆ ಬಹಳ ಕಡಿಮೆ, ಗಾಳಿಗೆ ಕೈಯೊಡ್ಡಿ ನೋಡಿದವರು ಯಂತ್ರ ಸರಿಯಾಗಿದೆಯೆಂದೇ ನಂಬುತ್ತಾರೆ. ಆದ್ದರಿಂದ ಮೋಟರ್ ಬಿಚ್ಚಿ ಜೋಡಿಸಿದ ಅಥವಾ ಜನರೇಟರಿನ ತಂತಿ ಬದಲಿಸಿದ ದಿನ ಬ್ಲೋವರಿನ ಮೈಮೇಲಿನ ಬಾಣದ ಗುರುತಿಗೂ ಅದು ತಿರುಗುವ ದಿಕ್ಕಿಗೂ ತಾಳೆ ನೋಡುವುದು ಕಡ್ಡಾಯ. ಸಡಿಲಾದ ಬೆಲ್ಟು ಜಾರಿ ವೇಗ ತಗ್ಗುತ್ತದೆ, ಅತಿ ಬಿಗಿದ ಬೆಲ್ಟು ಬೇರಿಂಗನ್ನು ತಿನ್ನುತ್ತದೆ. ಮೇನ್ ಸ್ವಿಚ್ ಆರಿಸಿ, ಬೇರಾರೂ ಹಾಕದಂತೆ ಬೀಗವಿಟ್ಟ ಮೇಲೆಯೇ ಬೆಲ್ಟಿಗೆ ಕೈ ಹಾಕಬೇಕು. ರಾತ್ರಿ ಶಸ್ತ್ರಚಿಕಿತ್ಸೆ ಇಲ್ಲವೆಂದು ಬ್ಲೋವರನ್ನು ಪೂರ್ತಿ ನಿಲ್ಲಿಸಿದರೆ ಒತ್ತಡ ಹೋಗಿ ಧೂಳು ಒಳಸೇರುತ್ತದೆ. ಪಂಖಾ ಹೀರುವ ವಿದ್ಯುತ್ತು ವೇಗದ ಮೂರನೆಯ ಘಾತದಂತೆ ಇಳಿಯುವುದರಿಂದ, ವೇಗವನ್ನು ಅರ್ಧಕ್ಕಿಳಿಸಿ ಓಡಿಸಿದರೆ ಸುಮಾರು ಎಂಟನೆಯ ಒಂದು ಪಾಲು ಖರ್ಚಿನಲ್ಲಿ ಬಾಗಿಲ ಸಂದಿಯ ಕಾವಲನ್ನು ಬಿಡದೆ ಉಳಿಸಿಕೊಳ್ಳಬಹುದು.

ಮೂರನೆಯದು ನೀರಿನ ಪಾಠ. ತಣ್ಣನೆಯ ಸುರುಳಿಯ ಮೇಲೆ ಗಾಳಿಯ ತೇವ ಹನಿಗಟ್ಟಿ ಕೆಳಗಿನ ತಟ್ಟೆಗೆ ಬೀಳುತ್ತದೆ, ಅಲ್ಲಿಂದ ‘ಯು’ ಆಕಾರದ ಕೊಳವೆಯಿಂದ ಹೊರಹರಿಯುತ್ತದೆ. ಪೆಟ್ಟಿಗೆಯೊಳಗೆ ಬ್ಲೋವರಿನ ಎಳೆತವಿರುವಲ್ಲಿ ಈ ಬಾಗಿದ ಕೊಳವೆಯಲ್ಲಿ ನಿಂತ ನೀರೇ ಬಾಗಿಲು. ಅದು ಬೇಸಿಗೆಯಲ್ಲಿ ಆರಿಹೋದರೆ ಚರಂಡಿಯ ಗಾಳಿ ಒಳಗೆ ಸೆಳೆಯಲ್ಪಡುತ್ತದೆ, ಕಸ ಕಟ್ಟಿದರೆ ತಟ್ಟೆಯಲ್ಲಿ ನೀರು ನಿಂತು ಬೂಷ್ಟು ಬೆಳೆಯುತ್ತದೆ. ಮಳೆಗಾಲದಲ್ಲಿ ತಟ್ಟೆ ತೊಳೆಯುವುದು, ಬೇಸಿಗೆಯಲ್ಲಿ ಬಾಗಿದ ಕೊಳವೆಗೆ ನೀರು ಹಾಕುವುದು ಐದು ನಿಮಿಷದ ಕೆಲಸ, ಆದರೆ ಅದನ್ನು ತಪ್ಪಿಸಿದರೆ ಇಡೀ ಕೊಠಡಿಯ ಗಾಳಿ ಕೆಡುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಗಾಳಿ ಬೇಕಾದ ಕಡೆಗೆ ಹರಿಯುತ್ತಿದೆಯೇ ಎಂದು ಕಣ್ಣಾರೆ ಕಾಣಲು ಊದಿನಕಡ್ಡಿ ಸಾಕು. ಪ್ರತ್ಯೇಕ ಕೊಠಡಿಯ ಬಾಗಿಲು ಮುಚ್ಚಿ, ಹೊರಗೆ ಹೊಸ್ತಿಲ ಸಂದಿಯ ಬಳಿ ಹಿಡಿದ ಕಡ್ಡಿಯ ಹೊಗೆಯೆಳೆ ಬಾಗಿ ಒಳಕ್ಕೆ ಹೋದರೆ ಎಳೆತವಿದೆ. ನೆಟ್ಟಗೆ ಮೇಲೇರಿದರೆ ಎಳೆತ ಸತ್ತಿದೆ. ಹೊರಕ್ಕೆ ಬಾಗಿದರೆ ರೋಗಿಯ ಉಸಿರು ಕಾರಿಡಾರಿಗೆ ಬರುತ್ತಿದೆ. ಆಮ್ಲಜನಕ ಬಳಸುವ ಕಡೆ ಕಿಡಿ ಕೂಡದಾದ್ದರಿಂದ ಅಲ್ಲಿ ತೆಳುವಾದ ಕಾಗದದ ಪಟ್ಟಿಯೇ ಈ ಕೆಲಸ ಮಾಡಬೇಕು. ಪ್ರತ್ಯೇಕ ಕೊಠಡಿಯಿಂದ ಹೊರಹೋಗುವ ಗಾಳಿಯ ಫಿಲ್ಟರನ್ನು ಬಿಚ್ಚುವವರು ದಾದಿಗೆ ತಿಳಿಸಿ, ರೋಗಿಯನ್ನು ಬೇರೆಡೆ ಸಾಗಿಸಿದ ಮೇಲೆ, ಎನ್-95 ಮಾಸ್ಕು ಮತ್ತು ಕೈಗವಸು ತೊಟ್ಟು, ಫಿಲ್ಟರನ್ನು ಕೊಡವದೆ ಚೀಲಕ್ಕಿಳಿಸಿ ಬಾಯಿ ಕಟ್ಟಬೇಕು. ಅದರಲ್ಲಿ ಸೆರೆಯಾಗಿರುವುದು ಬರೀ ಧೂಳಲ್ಲ.

ಹಬ್ಬಕ್ಕೆ ಮನೆ ಸಾರಿಸುವಾಗ ಹೆಂಗಸರು ಬೆಳಕಿಂಡಿಯ ಇಲ್ಲಣ ಮತ್ತು ಜೇಡರಬಲೆ ತೆಗೆದಾಗ ಆ ಮನೆಯ ಒಲೆಯ ಹೊಗೆಗೆ ವರ್ಷಪೂರ್ತಿ ದಾರಿ ತೆರೆದಿರುತ್ತಿತ್ತು. ಆಸ್ಪತ್ರೆಯಲ್ಲಿ ಆ ಕೆಲಸ ಮಾಳಿಗೆಯ ಮೇಲಿನ ಯಂತ್ರದ ಕೋಣೆಗೆ ಹತ್ತಿಹೋಗುವ ಕೆಲಸಗಾರನ ಪಾಲಿನದು, ಮತ್ತು ಅವನು ಮಾಡಿದ್ದು ರೋಗಿಗಾಗಲಿ ವೈದ್ಯರಿಗಾಗಲಿ ಕಾಣುವುದಿಲ್ಲ. ಅದು ಕಾಣುವುದು ಒಂದೇ ಕಡೆ: ದಿನಕ್ಕೊಮ್ಮೆ ಮುಳ್ಳು ನೋಡಿ, ತಾರೀಖು ಹಾಕಿ, ಒತ್ತಡದ ಅಂಕಿಯನ್ನು ಬರೆದಿಟ್ಟ ರಿಜಿಸ್ಟರಿನಲ್ಲಿ. ಔಷಧದ ದಾಸ್ತಾನು ಪುಸ್ತಕಕ್ಕೆ ಆಸ್ಪತ್ರೆ ಕೊಡುವ ಮರ್ಯಾದೆಯೇ ಈ ರಿಜಿಸ್ಟರಿಗೂ ಸಲ್ಲಬೇಕು, ಏಕೆಂದರೆ ಒಂದು ಔಷಧ ಒಬ್ಬ ರೋಗಿಗೆ ಸಲ್ಲುತ್ತದೆ, ಆ ಅಂಕಿ ಕಾಯುವ ಗಾಳಿಯನ್ನು ಕಟ್ಟಡದೊಳಗಿನ ಪ್ರತಿಯೊಬ್ಬರೂ ಉಸಿರಾಡುತ್ತಾರೆ.