ಸೋರುವ ಎಣ್ಣೆಯ ಕೊಳವೆ

ಎತ್ತಿನ ಗಾಡಿಗಳ ಕಾಲವನ್ನು ಕಂಡ ಹಿರಿಯರಿಗೆ ಗಾಡಿಯ ಕೆಳಗೆ ತೂಗಾಡುತ್ತಿದ್ದ ಬಿದಿರಿನ ಗೊಟ್ಟದ ನೆನಪಿರಬಹುದು. ಅದರೊಳಗೆ ಇರುತ್ತಿದ್ದುದು ಕೀಲೆಣ್ಣೆ. ದೂರದ ಪಯಣಕ್ಕೆ ಹೊರಡುವ ಮುನ್ನ ಗಾಡಿಕಾರನು ಕಡಾಣಿಯನ್ನು ಕಿತ್ತು, ಚಕ್ರವನ್ನು ಸ್ವಲ್ಪ ಸರಿಸಿ, ಅಚ್ಚಿಗೆ ಆ ಕಪ್ಪು ಲೇಪವನ್ನು ಬಳಿಯುತ್ತಿದ್ದನು. ಕೀಲೆಣ್ಣೆ ಕಾಣದ ಗಾಡಿ ದಾರಿಯುದ್ದಕ್ಕೂ ಕಿರುಗುಟ್ಟುವುದು. ಎತ್ತುಗಳು ಬೇಗ ದಣಿಯುವುವು. ಕೊನೆಗೆ ಅಚ್ಚೇ ಸವೆದುಹೋಗುವುದು. ಎಣ್ಣೆ ಹಾಕಿದರೆ ಗಾಡಿ ಹಗುರಾಗುವುದೆಂಬುದನ್ನು ನಮ್ಮ ರೈತನು ಯಾವ ಶಾಲೆಯಲ್ಲಿಯೂ ಕಲಿಯದೆ ತಿಳಿದಿದ್ದನು.

ಇಂದು ಮೈಸೂರಿಗೂ ನಂಜನಗೂಡಿಗೂ ನಡುವೆ ಇರುವ ಕಡಕೊಳದಲ್ಲಿ ಹೆದ್ದಾರಿಯ ಅಂಚಿಗೆ ನಿಂತು ನೋಡಿದರೆ, ಎತ್ತಿನ ಗಾಡಿಯ ಸ್ಥಾನವನ್ನು ಪಿಕಪ್ ವಾಹನಗಳು ವಹಿಸಿಕೊಂಡಿರುವುದು ಕಾಣುತ್ತದೆ. ಕೊಳ್ಳೇಗಾಲದಿಂದ ಕೋಳಿಕ್ಕೋಡಿಗೆ ಹೋಗುವ ೭೬೬ನೆಯ ರಾಷ್ಟ್ರೀಯ ಹೆದ್ದಾರಿ ಇದು. ತರಕಾರಿ, ಬಾಳೆ, ಹೂವು, ಸಿಮೆಂಟು, ಯಂತ್ರಭಾಗ ಎಲ್ಲವೂ ಈ ಸಣ್ಣ ವಾಹನಗಳ ಬೆನ್ನ ಮೇಲೆಯೇ ಸಾಗಬೇಕು. ಇವುಗಳಿಗೂ ಕೀಲೆಣ್ಣೆ ಬೇಕು. ಆದರೆ ಅದನ್ನು ಬಳಿದರೆ ಸಾಲದು. ಪ್ರತಿ ಕ್ಷಣವೂ ಹರಿಯುತ್ತಿರಬೇಕು. ಆ ಹರಿವು ನಿಂತರೆ ಏನಾಗುವುದು, ನಿಲ್ಲದಂತೆ ಮನೆಯಂಗಳದಲ್ಲಿಯೇ ನಾವು ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಒಂದು ರೂಪಾಯಿಯಗಲದ ಕಲೆ

ಕಡಕೊಳದ ನಮ್ಮ ನೆರೆಯವರೊಬ್ಬರ ಜೀವನೋಪಾಯವೇ ಒಂದು ಪಿಕಪ್. ಗುಂಡ್ಲುಪೇಟೆಯಲ್ಲಿ ತರಕಾರಿ ಹೇರಿಕೊಂಡು ಕೋಳಿಕ್ಕೋಡಿಗೆ ಮುಟ್ಟಿಸುವುದು ಅವರ ಕಸುಬು. ಬಂಡೀಪುರದ ಕಾಡಿನೊಳಗೆ ರಾತ್ರಿ ೯ರಿಂದ ಬೆಳಗಿನ ೬ರವರೆಗೆ ವಾಹನ ಸಂಚಾರಕ್ಕೆ ೨೦೦೯ರಲ್ಲಿ ನಿರ್ಬಂಧ ಬಂದಂದಿನಿಂದ, ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಅಲ್ಲಿರಬೇಕಾದುದು ಇಂಥವರ ದಿನಚರಿಯ ಒಂದು ಅಂಗವಾಗಿದೆ. ಒಂದು ಮುಂಜಾನೆ ಅವರ ಅಂಗಳದಲ್ಲಿ, ವಾಹನದ ಮುಂಭಾಗದ ಕೆಳಗೆ, ಒಂದು ರೂಪಾಯಿಯ ನಾಣ್ಯದಷ್ಟು ಕಪ್ಪು ಕಲೆ ಕಂಡಿತು. ‘ಇಷ್ಟೇ ತಾನೆ’ ಎಂದು ಅವರು ಹೊರಡುವುದರಲ್ಲಿದ್ದರು.

‘ಇಷ್ಟೇ’ ಎಂಬುದನ್ನು ಸ್ವಲ್ಪ ಲೆಕ್ಕ ಹಾಕೋಣ. ಸುಮಾರು ೨೦ ಹನಿಗಳು ಸೇರಿದರೆ ಒಂದು ಮಿಲಿಲೀಟರ್. ನಿಂತ ವಾಹನದಿಂದ ರಾತ್ರಿಯೆಲ್ಲ ನಾಲ್ಕೈದು ಹನಿ ಬಿದ್ದಿರಬಹುದು. ಆದರೆ ಯಂತ್ರ ಓಡುವಾಗ ಕೊಳವೆಯೊಳಗೆ ಒತ್ತಡವಿರುತ್ತದೆ. ಆಗ ಸೆಕೆಂಡಿಗೊಂದು ಹನಿ ಸೋರಿತೆನ್ನಿ. ಗಂಟೆಗೆ ೩,೬೦೦ ಹನಿ, ಎಂದರೆ ೧೮೦ ಮಿಲಿಲೀಟರ್. ಹೋಗಿಬರುವ ೧೨ ಗಂಟೆಗಳಲ್ಲಿ ಎರಡು ಲೀಟರಿಗೂ ಹೆಚ್ಚು! ಇಂಥ ಯಂತ್ರದ ತಳಪಾತ್ರೆಯಲ್ಲಿರುವುದೇ ಐದಾರು ಲೀಟರ್ ಎಣ್ಣೆ. ಅಳತೆ ಕಡ್ಡಿಯ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ಇರುವ ಅಂತರ ಸಾಮಾನ್ಯವಾಗಿ ಒಂದು, ಒಂದೂವರೆ ಲೀಟರ್ ಮಾತ್ರ. ಅಂಗಳದ ಕಲೆ ಚಿಕ್ಕದಾದರೂ ಅದರ ಅರ್ಥ ಚಿಕ್ಕದಲ್ಲ.

ಮರದ ಬೆಣೆಯನ್ನು ತಳ್ಳಿದ ಎಣ್ಣೆ

ತಿರುಗುವ ಅಚ್ಚಿಗೂ ಅದನ್ನು ಹೊತ್ತಿರುವ ಬೇರಿಂಗಿಗೂ ನಡುವೆ ಎಣ್ಣೆ ಏನು ಮಾಡುತ್ತದೆ? ಇದಕ್ಕೆ ಉತ್ತರ ದೊರೆತದ್ದು ಆಕಸ್ಮಿಕವಾಗಿ. ೧೮೮೩ರಲ್ಲಿ ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದನು. ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರ ಕೊರೆಯಿಸಿದನು. ಅಚ್ಚು ತಿರುಗತೊಡಗಿದಾಗ, ಎಣ್ಣೆ ಒಳಕ್ಕೆ ಹೋಗುವ ಬದಲು ರಂಧ್ರದಿಂದ ಹೊರಕ್ಕೆ ಉಕ್ಕಿತು. ಬಿರಡೆ ಹಾಕಿದರೂ ನಿಲ್ಲಲಿಲ್ಲ. ಮರದ ಬೆಣೆಯನ್ನು ಬಡಿದರೆ ಅದನ್ನೂ ಎಣ್ಣೆ ಮೆಲ್ಲಮೆಲ್ಲನೆ ಹೊರದೂಡಿತು. ಒತ್ತಡಮಾಪಕವನ್ನು ಜೋಡಿಸಿ ನೋಡಿದಾಗ, ಮೇಲಿನ ಭಾರದಿಂದ ಸರಾಸರಿಯಾಗಿ ಬೀಳಬೇಕಾದ ಒತ್ತಡಕ್ಕಿಂತಲೂ ಅಲ್ಲಿಯ ಎಣ್ಣೆಯ ಒತ್ತಡ ಹೆಚ್ಚಾಗಿರುವುದು ತಿಳಿದುಬಂದಿತು. ಅಂದರೆ ಅಚ್ಚು ಲೋಹದ ಮೇಲೆ ಕುಳಿತಿರಲಿಲ್ಲ; ಎಣ್ಣೆಯ ತೆಳುಪೊರೆಯ ಮೇಲೆ ತೇಲುತ್ತಿತ್ತು. ಇದರ ಗಣಿತವನ್ನು ಆಸ್ಬರ್ನ್ ರೆನಾಲ್ಡ್ಸ್ ೧೮೮೬ರಲ್ಲಿ ವಿವರಿಸಿದನು.

ನಮ್ಮ ವಾಹನದ ಎಂಜಿನಿನೊಳಗೂ ನಡೆಯುವುದು ಇದೇ. ಭಾರವನ್ನು ಹೊರುವ ಪೊರೆಯನ್ನು ಅಚ್ಚಿನ ತಿರುಗುವಿಕೆಯೇ ಹುಟ್ಟಿಸುತ್ತದೆ. ಅಂಚಿನಿಂದ ಜಾರಿಹೋಗುವ ಎಣ್ಣೆಯ ಜಾಗಕ್ಕೆ ಹೊಸ ಎಣ್ಣೆಯನ್ನು ಪಂಪು ಒದಗಿಸುತ್ತದೆ. ಒದಗಿಸುವುದು ನಿಂತರೆ ಪೊರೆ ಹರಿಯುತ್ತದೆ. ಲೋಹ ಲೋಹವನ್ನು ಮುಟ್ಟುತ್ತದೆ. ಕೆಲವೇ ಕ್ಷಣಗಳಲ್ಲಿ ಬೇರಿಂಗು ಕಾದು, ಕರಗಿ, ಅಂಟಿಕೊಳ್ಳುತ್ತದೆ.

ಎಣ್ಣೆಗೆ ಏಕೆ ತಂಪು?

ಚಳಿಗಾಲದ ಬೆಳಗಿನಲ್ಲಿ ಜೋನಿಬೆಲ್ಲ ಪಾತ್ರೆಯಿಂದ ಇಳಿಯಲೊಲ್ಲದು. ಅದನ್ನೇ ಒಲೆಯ ಮೇಲಿಟ್ಟರೆ ನೀರಿನಂತೆ ಹರಿಯುವುದು. ದ್ರವದ ಈ ಮಂದಗತಿಯ ಗುಣಕ್ಕೆ ಸ್ನಿಗ್ಧತೆ ಎಂದು ಹೆಸರು. ಉಷ್ಣತೆ ಏರಿದಂತೆಲ್ಲ ಸ್ನಿಗ್ಧತೆ ಇಳಿಯುತ್ತದೆ. ಡೀಸೆಲ್ ವಾಹನಗಳಲ್ಲಿ ಬಳಸುವ ಸಾಮಾನ್ಯ ಎಣ್ಣೆಯೊಂದು ೪೦ ಡಿಗ್ರಿಯಲ್ಲಿದ್ದಾಗಿನ ಸ್ನಿಗ್ಧತೆ, ೧೦೦ ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು ಏಳರಲ್ಲೊಂದು ಪಾಲಿಗೆ ಇಳಿದಿರುತ್ತದೆ. ಇನ್ನೂ ಕಾದರೆ ಪೊರೆ ತೆಳುವಾಗುವುದಲ್ಲದೆ, ಎಣ್ಣೆಯೇ ಗಾಳಿಯ ಆಮ್ಲಜನಕದೊಡನೆ ಸೇರಿ ಕೆಡುತ್ತದೆ.

ಕೋಳಿಕ್ಕೋಡಿನಿಂದ ಹಿಂದಿರುಗುವಾಗ ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವುಗಳನ್ನು ಹೇರಿನೊಡನೆ ಏರಬೇಕು. ಎಂಜಿನ್ ಪೂರ್ಣ ಶಕ್ತಿಯಿಂದ ದುಡಿಯುತ್ತಿರುತ್ತದೆ. ವೇಗವಿಲ್ಲದ ಕಾರಣ ಎದುರುಗಾಳಿ ಮಾತ್ರ ಕಡಮೆ. ಇಂಥ ಸಂದರ್ಭಕ್ಕೆಂದೇ ಎಣ್ಣೆಯ ಶೀತಕವಿರುವುದು. ಕೆಲವು ಎಂಜಿನುಗಳಲ್ಲಿ ಅದು ಎಂಜಿನಿಗೇ ಅಂಟಿಕೊಂಡಿದ್ದು, ನೀರಿನಿಂದ ತಂಪಾಗುತ್ತದೆ. ಮತ್ತೆ ಕೆಲವುಗಳಲ್ಲಿ ರೇಡಿಯೇಟರಿನ ಮುಂದೆ ಚಿಕ್ಕ ಜಾಲರಿಯಂತೆ ನಿಂತು ಗಾಳಿಗೆ ಶಾಖವನ್ನು ಬಿಡುತ್ತದೆ. ಎರಡನೆಯ ಬಗೆಯಲ್ಲಿ ಎಣ್ಣೆಯನ್ನು ಒಯ್ಯಲು ಒಂದು, ತರಲು ಒಂದು, ಹೀಗೆ ಎರಡು ಕೊಳವೆಗಳು ಬೇಕು. ನೆರೆಯವರ ವಾಹನದಲ್ಲಿ ಸೋರುತ್ತಿದ್ದುದು ಇವುಗಳಲ್ಲೊಂದು.

ಈ ಕೊಳವೆಗಳಲ್ಲಿ ಚದರ ಸೆಂಟಿಮೀಟರಿಗೆ ಮೂರು ನಾಲ್ಕು ಕಿಲೋಗ್ರಾಂ ಒತ್ತಡವಿರುವುದು ಸಾಮಾನ್ಯ. ನಲ್ಲಿಯ ಮೇಲೆ ೩೦-೪೦ ಮೀಟರ್ ಎತ್ತರದಲ್ಲಿ ನೀರಿನ ತೊಟ್ಟಿಯಿದ್ದರೆ ಎಷ್ಟು ಒತ್ತಡವೋ ಅಷ್ಟು. ಪಂಪು ನಿಮಿಷಕ್ಕೆ ಹತ್ತಾರು ಲೀಟರ್ ಎಣ್ಣೆಯನ್ನು ತಳ್ಳಬಲ್ಲುದು. ಆದುದರಿಂದ ಕೊಳವೆ ಪೂರ್ತಿ ಕಳಚಿಕೊಂಡರೆ ತಳಪಾತ್ರೆ ಬರಿದಾಗಲು ಒಂದು ನಿಮಿಷ ಸಾಕು. ಚಿಮ್ಮಿದ ಎಣ್ಣೆ ಕಾದ ಹೊಗೆಕೊಳವೆಯ ಮೇಲೆ ಬಿದ್ದರೆ ಬೆಂಕಿಯ ಭಯವೂ ಉಂಟು.

ಸೋರುವುದು ಎಲ್ಲಿ?

ಹನಿ ಬೀಳುವಲ್ಲಿಯೇ ಸೋರಿಕೆಯಿದೆಯೆಂದು ಭಾವಿಸುವುದು ತಪ್ಪು. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ಒಯ್ಯುತ್ತದೆ. ಅದರ ಮೇಲೆ ದಾರಿಯ ಕೆಂಧೂಳು ಕುಳಿತು ಎಲ್ಲವನ್ನೂ ಮುಚ್ಚುತ್ತದೆ. ಎಂಜಿನ್ ತಣ್ಣಗಾದ ಮೇಲೆ ಕೊಳವೆಗಳನ್ನು ಸಾಬೂನು ನೀರಿನಿಂದ ತೊಳೆದು, ಚೆನ್ನಾಗಿ ಒರಸಿ, ಸೀಮೆಸುಣ್ಣದ ಪುಡಿಯನ್ನು ಉದುರಿಸಬೇಕು. ಅನಂತರ ಎಂಜಿನನ್ನು ಕೆಲವು ನಿಮಿಷ ಓಡಿಸಿ, ನಿಲ್ಲಿಸಿ ನೋಡಿದರೆ ಬಿಳುಪಿನ ಮೇಲೆ ಮೊದಲು ಒದ್ದೆಯಾದ ಜಾಗವೇ ಸೋರಿಕೆಯ ಮೂಲ. ಓಡುವ ಎಂಜಿನಿನೊಳಗೆ ಕೈಯಿಟ್ಟು ತಡಕಬಾರದು. ಕಾದ ಎಣ್ಣೆ ಚರ್ಮವನ್ನು ಸುಡುತ್ತದೆ. ಫ್ಯಾನು ಬೆರಳನ್ನು ಉಳಿಸುವುದಿಲ್ಲ.

ನಾವು ಹೀಗೆ ಮಾಡಿದಾಗ ದೋಷ ಸ್ಪಷ್ಟವಾಯಿತು. ಹಿಂದೊಮ್ಮೆ ದಾರಿಬದಿಯ ದುರಸ್ತಿಗಾರನೊಬ್ಬ ಹಾಳಾದ ರಬ್ಬರನ್ನು ಕತ್ತರಿಸಿ ಬಿಸಾಡಿ, ನೀರಿನ ಕೊಳವೆಯ ತುಂಡೊಂದನ್ನು ಸಿಕ್ಕಿಸಿ ತಿರುಪಿನ ಪಟ್ಟಿಯಿಂದ ಬಿಗಿದಿದ್ದನು. ಆ ರಬ್ಬರು ಈಗ ಉಬ್ಬಿ, ನೆನೆದ ಹಪ್ಪಳದಂತೆ ಮೆತ್ತಗಾಗಿತ್ತು.

ಇದಕ್ಕೆ ಕಾರಣ ರಸಾಯನಶಾಸ್ತ್ರದಲ್ಲಿದೆ. ಸಜಾತೀಯ ವಸ್ತುಗಳು ಒಂದನ್ನೊಂದು ಬೇಗ ಸೇರುತ್ತವೆ. ಮರದ ಹಾಲಿನಿಂದಾದ ಸಹಜ ರಬ್ಬರೂ ಖನಿಜ ತೈಲವೂ ಇಂಗಾಲ, ಜಲಜನಕಗಳಿಂದಲೇ ಆದವು. ಆದುದರಿಂದ ಎಣ್ಣೆ ರಬ್ಬರಿನೊಳಕ್ಕೆ ನುಗ್ಗಿ ಅದನ್ನು ಉಬ್ಬಿಸುತ್ತದೆ. ನೈಟ್ರೈಲ್ ರಬ್ಬರಿನ ಅಣುಗಳಲ್ಲಿ ಸಾರಜನಕವುಳ್ಳ ಗುಂಪುಗಳಿರುವುದರಿಂದ ಎಣ್ಣೆಗೆ ಅಲ್ಲಿ ಸುಲಭ ಪ್ರವೇಶವಿಲ್ಲ. ಎಣ್ಣೆಯ ಕೊಳವೆಗೆ ಇಂಥ ರಬ್ಬರೇ ಬೇಕು. ಅದರಲ್ಲಿಯೂ ವಾಹನ ತಯಾರಕರು ಹೇಳಿದ ಉಷ್ಣತೆಯನ್ನು ತಾಳುವಂಥದೂ, ಒಳಗೆ ಹೆಣಿಗೆಯ ಬಲವುಳ್ಳದೂ ಆಗಿರಬೇಕು. ಕೆಲಸದ ಒತ್ತಡದ ನಾಲ್ಕರಷ್ಟು ಒತ್ತಡಕ್ಕೆ ಮುನ್ನ ಸಿಡಿಯದಂತೆ ಹೈಡ್ರಾಲಿಕ್ ಕೊಳವೆಗಳನ್ನು ಮಾಡುವುದು ರೂಢಿ. ತುದಿಗಳನ್ನು ಯಂತ್ರದಿಂದ ಅದುಮಿ ಕೂಡಿಸಿರಬೇಕು. ತಿರುಪಿನ ಪಟ್ಟಿ ಈ ಒತ್ತಡಕ್ಕೆ ನೆಚ್ಚಿಕೆಯದಲ್ಲ.

ಕಿರಿದಾದ ಕೊಳವೆಯನ್ನು ಹಾಕುವ ಯೋಚನೆಯೂ ಸಲ್ಲದು. ಕೊಳವೆಯಲ್ಲಿ ಮಂದವಾಗಿ ಸಾಗುವ ದ್ರವದ ಹರಿವು ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ಅದೇ ಒತ್ತಡದಲ್ಲಿ ವ್ಯಾಸವನ್ನು ಅರ್ಧ ಮಾಡಿದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲೊಂದು ಪಾಲಾಗುತ್ತದೆ.

ಅಂಗಳದ ದುರಸ್ತಿ

ಮೊದಲ ಮಾತು ಜೀವರಕ್ಷಣೆಯದು. ಸಮನಾದ ಗಟ್ಟಿ ನೆಲದ ಮೇಲೆ ವಾಹನವನ್ನು ನಿಲ್ಲಿಸಿ, ಕೈಬ್ರೇಕು ಹಾಕಿ, ಹಿಂದಿನ ಚಕ್ರಗಳಿಗೆ ಮರದ ಅಡ್ಡೆ ಕೊಡಬೇಕು. ಜಾಕ್ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಎತ್ತಿದ ಮೇಲೆ ಉಕ್ಕಿನ ಆಧಾರಗಳನ್ನು ಕೊಟ್ಟಲ್ಲದೆ ಯಾರೂ ಕೆಳಗೆ ನುಸುಳಬಾರದು. ಸಿಮೆಂಟಿನ ಟೊಳ್ಳು ಇಟ್ಟಿಗೆಗಳು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತವೆ.

ಎಣ್ಣೆ ಉಗುರು ಬೆಚ್ಚಗಿರುವಾಗ ಅಗಲವಾದ ತಟ್ಟೆಯನ್ನು ಕೆಳಗಿಟ್ಟು ಕೊಳವೆಯನ್ನು ಬಿಚ್ಚಬೇಕು. ಯಾವುದು ಒಯ್ಯುವ ಕೊಳವೆ, ಯಾವುದು ತರುವ ಕೊಳವೆ ಎಂಬುದಕ್ಕೆ ಗುರುತು ಕಟ್ಟುವುದು ಲೇಸು. ಶೀತಕದ ಕುತ್ತಿಗೆ ಮೆತುವಾದ ಅಲ್ಯುಮಿನಿಯಮಿನದು. ಒಂದು ಸ್ಪ್ಯಾನರಿನಿಂದ ಅದನ್ನು ಹಿಡಿದುಕೊಂಡು, ಇನ್ನೊಂದರಿಂದ ಕೊಳವೆಯ ನಟ್ಟನ್ನು ತಿರುಗಿಸಬೇಕು. ಒಂದೇ ಸ್ಪ್ಯಾನರಿನಿಂದ ಬಲ ಹಾಕಿದರೆ ನಟ್ಟಿನ ಬದಲು ಶೀತಕವೇ ಹೊರಳಿ ಒಡೆದೀತು. ಬಿಚ್ಚಿದ ಬಾಯಿಗಳನ್ನು ಕೂಡಲೇ ಶುಚಿಯಾದ ಮುಚ್ಚಳಗಳಿಂದ ಮುಚ್ಚಬೇಕು. ಒಂದು ಮರಳಿನ ಕಣವೂ ಬೇರಿಂಗಿಗೆ ಶತ್ರು.

ಕೂಡಿಕೆಯಲ್ಲಿ ತಾಮ್ರದ ಉಂಗುರವಿದ್ದರೆ ಹೊಸದನ್ನೇ ಹಾಕಬೇಕು. ತಾಮ್ರದ ಕೊಡವನ್ನು ಬಡಿಯುವ ಕಂಚುಗಾರನು ಕೆಲಸದ ನಡುನಡುವೆ ಅದನ್ನು ಕೆಂಪಗೆ ಕಾಯಿಸುವುದನ್ನು ನೋಡಿದ್ದೀರಷ್ಟೆ? ಬಡಿದ ತಾಮ್ರ ಗಡುಸಾಗುತ್ತದೆ. ಕಾಯಿಸಿದರೆ ಮತ್ತೆ ಮೆದುವಾಗುತ್ತದೆ. ಒಮ್ಮೆ ಅದುಮಿದ ಉಂಗುರವೂ ಹಾಗೆಯೇ ಗಡುಸಾಗಿರುವುದರಿಂದ, ಲೋಹದ ಏರುತಗ್ಗುಗಳಿಗೆ ಎರಡನೆಯ ಬಾರಿ ಒಗ್ಗಿಕೊಳ್ಳಲಾರದು. ರಬ್ಬರಿನ ಉಂಗುರವಾದರೆ ಎಣ್ಣೆ ಸವರಿ ಕೂಡಿಸಬೇಕು.

ಹೊಸ ಕೊಳವೆಯ ನಟ್ಟನ್ನು ಮೊದಲ ಎರಡು ಮೂರು ಸುತ್ತು ಬೆರಳಿನಿಂದಲೇ ತಿರುಗಿಸಿರಿ. ಸಲೀಸಾಗಿ ಹೋಗದಿದ್ದರೆ ತಿರುಪು ಓರೆಯಾಗಿದೆಯೆಂದೇ ಅರ್ಥ. ಬಿಗಿಯ ಪ್ರಮಾಣ ತಯಾರಕರ ಕೈಪಿಡಿಯಲ್ಲಿರುವಷ್ಟೇ ಇರಲಿ. ಕೊಳವೆ ಹುರಿಗೊಳ್ಳಬಾರದು, ಹೊಗೆಕೊಳವೆಗೆ ತಾಗಬಾರದು, ಚೌಕಟ್ಟಿಗೆ ಉಜ್ಜಬಾರದು. ಎಂಜಿನ್ ರಬ್ಬರಿನ ಮೆತ್ತೆಗಳ ಮೇಲೆ ಅಲುಗುವುದರಿಂದ ಸ್ವಲ್ಪ ಸಡಿಲವನ್ನೂ ಬಿಟ್ಟಿರಬೇಕು.

ಅನಂತರ ಕಡ್ಡಿಯ ಮೇಲಿನ ಗುರುತಿನವರೆಗೆ ಎಣ್ಣೆ ತುಂಬಿ ಎಂಜಿನನ್ನು ಚಾಲೂ ಮಾಡಿ, ವೇಗ ಹೆಚ್ಚಿಸದೆ ಇಟ್ಟಿರಬೇಕು. ಎಣ್ಣೆಯ ಕೆಂಪು ದೀಪ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ಕೂಡಲೇ ನಿಲ್ಲಿಸಬೇಕು. ಎರಡು ಮೂರು ನಿಮಿಷಗಳ ಬಳಿಕ ನಿಲ್ಲಿಸಿ, ಕೂಡಿಕೆಗಳನ್ನು ಪರೀಕ್ಷಿಸಿ, ಮತ್ತೆ ಕಡ್ಡಿಯನ್ನು ನೋಡಿದರೆ ಮಟ್ಟ ಇಳಿದಿರುತ್ತದೆ. ಗಾಬರಿ ಬೇಡ, ಬರಿದಾಗಿದ್ದ ಶೀತಕವೂ ಕೊಳವೆಯೂ ತಮ್ಮ ಪಾಲನ್ನು ತೆಗೆದುಕೊಂಡಿವೆ. ಅಷ್ಟನ್ನು ತುಂಬಿದರಾಯಿತು.

ಹಳೆಯ ಎಣ್ಣೆ

ತಟ್ಟೆಯಲ್ಲಿ ಉಳಿದ ಕಪ್ಪು ಎಣ್ಣೆಯನ್ನು ಬೇಲಿಯ ಬುಡಕ್ಕೋ ಚರಂಡಿಗೋ ಚೆಲ್ಲುವುದು ನಮ್ಮಲ್ಲಿ ಬಹುಮಂದಿಯ ಅಭ್ಯಾಸ. ಕೀಲೆಣ್ಣೆಯ ಕಾಲದಲ್ಲಿ ಹರಳೆಣ್ಣೆಯನ್ನು ಮಣ್ಣಿನ ಜೀವಾಣುಗಳು ಬೇಗ ಜೀರ್ಣಿಸಿಕೊಳ್ಳುತ್ತಿದ್ದುವು. ಖನಿಜ ತೈಲ ಹಾಗಲ್ಲ, ಬಹುಕಾಲ ಉಳಿಯುತ್ತದೆ. ಬಳಸಿದ ಎಣ್ಣೆಯಲ್ಲಿ ಸವೆದ ಲೋಹದ ಕಣಗಳೂ ಅರೆಬೆಂದ ಇಂಧನದ ವಿಷಗಳೂ ಸೇರಿರುತ್ತವೆ. ಕಡಕೊಳದ ಸುತ್ತಮುತ್ತ ಕೊಳವೆಬಾವಿಗಳ ನೀರನ್ನೇ ಕುಡಿಯುವ ಮನೆಗಳಿವೆ. ಆಚೆ ನಂಜನಗೂಡಿನಲ್ಲಿ ಕಪಿಲೆ ಹರಿಯುತ್ತಾಳೆ. ಭಾರತದ ೨೦೧೬ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದೇ ಎಣಿಸಿವೆ. ಅದನ್ನು ಡಬ್ಬದಲ್ಲಿ ತುಂಬಿಟ್ಟು, ಅಧಿಕೃತ ಸಂಸ್ಕರಣಗಾರರಿಗೆ ಒಪ್ಪಿಸುವ ಸರ್ವೀಸ್ ಕೇಂದ್ರಕ್ಕೆ ಮುಟ್ಟಿಸಬೇಕು. ಶುದ್ಧಿಗೊಳಿಸಿದರೆ ಅದು ಮತ್ತೆ ಕೀಲೆಣ್ಣೆಯಾಗಬಲ್ಲುದು.

ನೆರೆಯವರ ಎರಡು ಕೊಳವೆಗಳನ್ನೂ ಬದಲಾಯಿಸುವಷ್ಟರಲ್ಲಿ ಸಂಜೆಯಾಯಿತು. ಒಂದು ದಿನದ ಬಾಡಿಗೆ ತಪ್ಪಿತೆಂಬ ವ್ಯಸನ ಅವರಿಗೆ ಇದ್ದೇ ಇತ್ತು. ಆದರೆ ಸಾಲದ ಕಂತು ಮುಗಿಯದ ವಾಹನದ ಎಂಜಿನ್ ಘಾಟಿಯಲ್ಲಿ ಅಂಟಿಕೊಂಡಿದ್ದರೆ ತಪ್ಪುತ್ತಿದ್ದುದು ಒಂದು ದಿನದ ಬಾಡಿಗೆಯಲ್ಲ. ಆ ರಾತ್ರಿ ವಾಹನದ ಕೆಳಗೆ ಒಂದು ರಟ್ಟನ್ನು ಹಾಸಿದೆವು. ಬೆಳಗಿನ ಜಾವ ದೀಪ ಹಿಡಿದು ನೋಡಿದಾಗ ರಟ್ಟು ಒಣಗಿಯೇ ಇತ್ತು. ಅವರು ಅಳತೆ ಕಡ್ಡಿಯನ್ನು ಇನ್ನೊಮ್ಮೆ ಎತ್ತಿ ನೋಡಿ, ಒರಸಿ, ಸ್ವಸ್ಥಾನದಲ್ಲಿಟ್ಟು ಗುಂಡ್ಲುಪೇಟೆಯ ದಾರಿ ಹಿಡಿದರು. ವಾಹನವುಳ್ಳ ವಾಚಕರು ನಾಳೆ ಹೊರಡುವ ಮುನ್ನ ಒಮ್ಮೆ ಬಗ್ಗಿ ತಮ್ಮ ಅಂಗಳವನ್ನು ನೋಡಲಿ.