‘ಲೆಸ್ಸೇ ಫೇರ್’ – ಒಂದು ಪದಪುಂಜದ ಅರ್ಥವಿಚಾರ

ಅರ್ಥಶಾಸ್ತ್ರದ ತರಗತಿಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತುಗಳಲ್ಲಿ ‘ಲೆಸ್ಸೇ ಫೇರ್’ ಎಂಬುದೊಂದು. ಇಂಗ್ಲಿಷ್ ಪುಸ್ತಕಗಳಲ್ಲಿ ಕಾಣುವುದರಿಂದ ಇದನ್ನು ಇಂಗ್ಲಿಷ್ ಮಾತೆಂದೇ ಭಾವಿಸುವವರುಂಟು. ವಾಸ್ತವವಾಗಿ ಇದು ಫ್ರೆಂಚಿನಿಂದ ಬಂದು ಇಂಗ್ಲಿಷಿನಲ್ಲಿ ನೆಲೆಸಿದ ಪದಪುಂಜ. ‘ನಿರ್ಬಂಧರಹಿತ ವ್ಯಾಪಾರನೀತಿ’ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದರೆ ಇದರ ಅರ್ಧ ಅರ್ಥ ಮಾತ್ರ ಕೈಗೆ ಸಿಕ್ಕೀತು.

‘ಲೆಸ್ಸೇ’ ಎಂದರೆ ‘ಬಿಡಿರಿ’; ‘ಫೇರ್’ ಎಂದರೆ ‘ಮಾಡುವುದು’. ಎರಡೂ ಕೂಡಿದರೆ ‘ಮಾಡಬಿಡಿರಿ’ ಎಂದಾಗುತ್ತದೆ. ಫ್ರಾನ್ಸಿನ ಮಂತ್ರಿ ಕೋಲ್ಬೇರನು ವರ್ತಕರನ್ನು ಕರೆಸಿ, ನಿಮಗೆ ಸರ್ಕಾರದಿಂದ ಏನು ಸಹಾಯವಾಗಬೇಕೆಂದು ಕೇಳಿದಾಗ, ಅವರಲ್ಲೊಬ್ಬನು ‘ನಮ್ಮನ್ನು ಮಾಡಲು ಬಿಡಿರಿ’ ಎಂದನೆಂದು ಐತಿಹ್ಯ. 18ನೆಯ ಶತಮಾನದಲ್ಲಿ ಗೂರ್ನೇ ಎಂಬ ಅಧಿಕಾರಿಯಿಂದ ಈ ಮಾತು ಪ್ರಚಾರಕ್ಕೆ ಬಂದಿತೆನ್ನುತ್ತಾರೆ. ಈ ತತ್ತ್ವದ ಆಚಾರ್ಯನೆಂದು ಹೆಸರಾದ ಆಡಂ ಸ್ಮಿತ್ತನು 1776ರ ತನ್ನ ಮಹಾಗ್ರಂಥದಲ್ಲಿ ಈ ಪದಪುಂಜವನ್ನು ಒಮ್ಮೆಯೂ ಬಳಸಿಲ್ಲವೆಂಬುದು ಸೋಜಿಗದ ಸಂಗತಿ.

ನಮ್ಮ ಬೆಂಗಳೂರಿನ ತರಗುಪೇಟೆಯನ್ನು ಕಣ್ಣಮುಂದೆ ತಂದುಕೊಂಡರೆ ತತ್ತ್ವವು ಸುಲಭವಾಗಿ ತಿಳಿಯುತ್ತದೆ. ಅದು ಧಾನ್ಯದ ಸಗಟು ವ್ಯಾಪಾರಕ್ಕೆ ಹೆಸರಾದ ಪೇಟೆ. ಊರಿನಲ್ಲಿ ರಾಗಿ ಕಡಮೆಯಾಯಿತೆನ್ನೋಣ. ಬೆಲೆ ಏರುತ್ತದೆ. ಬೆಲೆ ಏರಿದುದನ್ನು ಕೇಳಿ ಹೊರಗಿನ ವರ್ತಕನು ಲಾಭಕ್ಕಾಗಿ ಮೂಟೆಗಳನ್ನು ಇಲ್ಲಿಗೆ ಸಾಗಿಸುತ್ತಾನೆ. ಮಾಲು ಹೆಚ್ಚಿದಂತೆ ಬೆಲೆ ತಾನಾಗಿ ಇಳಿಯುತ್ತದೆ. ಆದುದರಿಂದ ಸರ್ಕಾರವು ಬೆಲೆ ಕಟ್ಟದೆ, ಸಾಗಣೆಗೆ ತಡೆಯೊಡ್ಡದೆ, ವರ್ತಕನನ್ನು ಅವನ ಪಾಡಿಗೆ ಬಿಡಬೇಕು. ಇದೇ ವಾದದ ಸಾರ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಊರೂರಿಗೆ ಸುಂಕದ ಕಟ್ಟೆಗಳಿದ್ದ ಕಾಲದಲ್ಲಿ ಅದು ದೊಡ್ಡ ಬಿಡುಗಡೆಯ ಮಾತಾಗಿತ್ತು.

ಆದರೆ ಈ ವಾದದಲ್ಲಿ ಕೊಳ್ಳುವವನ ಕೈಯಲ್ಲಿ ಕಾಸಿರುತ್ತದೆಂಬ ಎಣಿಕೆಯೊಂದು ಅಡಗಿದೆ. 1774ರಲ್ಲಿ ಫ್ರಾನ್ಸಿನ ಮಂತ್ರಿ ತ್ಯುರ್ಗೋ ಧಾನ್ಯವ್ಯಾಪಾರದ ಕಟ್ಟುಗಳನ್ನು ಸಡಿಲಿಸಿದನು. ಬೆಳೆ ಕೆಟ್ಟು ರೊಟ್ಟಿಯ ಬೆಲೆ ಏರಿ, 1775ರಲ್ಲಿ ಜನರು ದಂಗೆಯೆದ್ದರು. ನೂರು ವರ್ಷಗಳ ಬಳಿಕ ಇದೇ ತತ್ತ್ವದ ಬಿಸಿ ನಮ್ಮ ನಾಡಿಗೂ ತಟ್ಟಿತು. 1876–78ರ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯು ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿತ್ತು. ಗಂಜಿಕೇಂದ್ರಗಳೂ ಪರಿಹಾರ ಕಾಮಗಾರಿಗಳೂ ಇಲ್ಲದಿರಲಿಲ್ಲ. ಆದರೆ ಖಾಸಗಿ ಧಾನ್ಯವ್ಯಾಪಾರದಲ್ಲಿ ಕೈಹಾಕಬಾರದೆಂಬುದು ವೈಸರಾಯ್ ಲಿಟ್ಟನನ ಸರ್ಕಾರದ ನೀತಿ. ರೈಲಿನ ದಾರಿಯಾದರೋ ಬೆಂಗಳೂರಿಗೇ ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೂ ಸತ್ತವು. ಬೆಳೆಯನ್ನೂ ಕೂಲಿಯನ್ನೂ ಕಳೆದುಕೊಂಡವನಿಗೆ ಪೇಟೆಯಲ್ಲಿ ಧಾನ್ಯವಿದ್ದರೇನು, ಇಲ್ಲದಿದ್ದರೇನು? 1871ರಲ್ಲಿ ಸುಮಾರು 50 ಲಕ್ಷ 55 ಸಾವಿರವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿಯಿತು.

ಇಲ್ಲಿ ನಮ್ಮ ಕನ್ನಡವೇ ನಮಗೆ ದಾರಿ ತೋರುತ್ತದೆ. ‘ಬಿಡು’ ಎಂಬ ಧಾತುವಿನಿಂದ ‘ಮಾಡಬಿಡು’ ಎಂದೂ ಆಗುತ್ತದೆ, ‘ಕೈಬಿಡು’ ಎಂದೂ ಆಗುತ್ತದೆ. ಮೊದಲನೆಯದು ಸ್ವಾತಂತ್ರ್ಯ, ಎರಡನೆಯದು ನಿರ್ಲಕ್ಷ್ಯ. ಫ್ರೆಂಚ್ ವರ್ತಕನು ಕೇಳಿದ್ದು ಮೊದಲನೆಯದನ್ನು. ಹಸಿದವನ ಪಾಲಿಗೆ ಬಂದದ್ದು ಎರಡನೆಯದು.

ಇಂದು ಈ ಮಾತು ಪೇಟೆಯನ್ನು ದಾಟಿಯೂ ಬಳಕೆಯಲ್ಲಿದೆ. ಮಕ್ಕಳನ್ನು ಅಂಕೆಯಿಲ್ಲದೆ ಬಿಟ್ಟ ತಂದೆಯ ಧೋರಣೆಗೂ, ಕೆಳಗಿನವರನ್ನು ಅವರಿಚ್ಛೆಗೆ ಬಿಟ್ಟ ಅಧಿಕಾರಿಯ ರೀತಿಗೂ ‘ಲೆಸ್ಸೇ ಫೇರ್’ ಎಂಬ ವಿಶೇಷಣವನ್ನು ಹಚ್ಚುತ್ತಾರೆ. ಆಗ ಅದರಲ್ಲಿ ಹೊಗಳಿಕೆಗಿಂತ ತೆಗಳಿಕೆಯೇ ಹೆಚ್ಚು. ಸುಮ್ಮನೆ ಸೋಮಾರಿಯಾಗಿರುವುದಕ್ಕೆ ಈ ಮಾತು ಸಲ್ಲದು; ತಡೆಯುವ ಅಧಿಕಾರವಿದ್ದೂ ತಡೆಯದೆ ಇರುವುದೇ ಇದರ ಜೀವಾಳ.

1966ರಲ್ಲಿ ನಮ್ಮ ರಾಜ್ಯವು ಕೃಷಿ ಮಾರುಕಟ್ಟೆಗಳ ನಿಯಂತ್ರಣಕ್ಕೆ ಶಾಸನ ಮಾಡಿತು. 2020ರಲ್ಲಿ ಮಾರುಕಟ್ಟೆಯನ್ನು ಸಡಿಲಿಸುವ ಕೇಂದ್ರ ಕಾಯಿದೆಗಳು ಬಂದು, ರೈತರ ಚಳವಳಿಯ ತರುವಾಯ 2021ರಲ್ಲಿ ರದ್ದಾದವು. ವಾದ ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಆದರೆ ‘ಮಾಡಬಿಡಿರಿ’ ಎಂಬ ವಾಕ್ಯದಲ್ಲಿ ಕರ್ತೃವೂ ಇಲ್ಲ, ಕರ್ಮವೂ ಇಲ್ಲ. ಯಾರನ್ನು? ಏನನ್ನು ಮಾಡಲು? ಈ ಎರಡು ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆದ ಮೇಲೆಯೇ ಈ ಪದಪುಂಜವನ್ನು ಒಪ್ಪುವುದೋ ಬಿಡುವುದೋ ನಿರ್ಧರಿಸುವುದು ವಿದ್ಯಾವಂತರಿಗೆ ಉಚಿತ.